ಭಾನುವಾರದ ಗುಂಡು

ಒಂದು ತೇಲಿತು, ಕಾರಿನ ಸದ್ದು ಬೆಂಗಳೂರು ರಸ್ತೆಯಲ್ಲಿ ಇನ್ನೂ ಕೇಳುತ್ತಲೇ ಇದೆ, ಇಲ್ಲಿ ಪಾತ್ರೆಯಲ್ಲಿ ಒಂದು ಆಗಲೇ ತೇಲಿತು, ನುಣ್ಣಗಿದೆ, ಅಂದರೆ ದೊರೆಸಾನಿಯಮ್ಮ ಕಟ್ಟಿದ್ದು, ನಾನು ಕಟ್ಟಿದ್ದರ ಮೇಲೆ ಹೆಬ್ಬೆಟ್ಟಿನ ಗುಳಿ ಉಳಿದುಬಿಡುತ್ತದೆ, ಹುರಿದ ಬ್ರೆಡ್ಡಿನ ಚೂರನ್ನು ಒಳಗೆ ಒತ್ತುವಾಗ ಬೀಳುವುದು, ಎಷ್ಟು ಸವರಿದರೂ ಹೋಗದು, ಚಿಕ್ಕಗಂಗಮ್ಮ, ಇದು ನಿನ್ನ ರುಜು ಎಂದು ನನ್ನನ್ನು ನೋಡಿ ನಗುತ್ತಿದ್ದರು — ನಗುತ್ತಿದ್ದರು ಅಂತೀನಲ್ಲ, ಎಂಥ ಮಾತು ಬರುತ್ತಿದೆ ನನ್ನ ಬಾಯಲ್ಲಿ, ಈಗ ತಾನೇ ಈ ಒಲೆಯ ಮುಂದೆ ನಿಂತಿದ್ದರಲ್ಲ. ಅವರ ಗಂಡ ದೊರೆಯನ್ನು ಹೋದ ತಿಂಗಳೇ ಪೊಲೀಸರು ಹಿಡಿದುಕೊಂಡು ಹೋದರು, ಮಾಲೂರಿನ ಹೆಂಚಿನ ಕಾರ್ಖಾನೆಗೆ ಯಂತ್ರ ಕೂರಿಸಲು ಬಂದ ಪಾಪದ ಮನುಷ್ಯ, ಜರ್ಮನಿಯವನು, ಯುದ್ಧ ಶುರುವಾಗಿದೆ, ಅಷ್ಟೇ ತಪ್ಪು, ಹೆಂಗಸರ ತಂಟೆಗೆ ಬರಲ್ಲ ಅಂದಿದ್ದರು, ನಂಬಿದೆವು, ಭಾನುವಾರ ಬಂತು, ಆಲೂಗಡ್ಡೆ ತುರಿದೆವು, ಬಟ್ಟೆಯಲ್ಲಿ ಹಿಂಡಿದೆವು, ಬೇಯಿಸಿ ಹಿಸುಕಿದ್ದನ್ನು ಕಲೆಸಿದೆವು, ದೊರೆಸಾನಿಯಮ್ಮನ ಅಮ್ಮ ಅವರೂರಲ್ಲಿ ಹೀಗೇ ಮಾಡುತ್ತಿದ್ದರಂತೆ, ಅವರ ಭಾಷೆಯಲ್ಲಿ ಕ್ಲೋಸೆ ಅಂತಲೋ ಏನೋ, ನನ್ನ ನಾಲಗೆಗೆ ಎಲ್ಲಿ ಬರಬೇಕು, ಮುದ್ದೆ ಅಂದೆ, ಮುದ್ದೆ ರಾಗಿಯದು, ಇದು ಬೇರೆ ಎಂದರು, ಸರಿ, ಗುಂಡಗಿದೆ, ಗುಂಡು ಅಂದೆ, ಇಬ್ಬರಿಗೂ ಹಿಡಿಸಿತು, ನಾಲ್ಕು ವರ್ಷದಿಂದ ಈ ಮನೆಯಲ್ಲಿ ಅದು ಗುಂಡೇ.

ಇನ್ನೊಂದು ತೇಲಿತು, ಇದೂ ಅವರದೇ. ಮೊನ್ನೆ ಇನ್ಸ್‌ಪೆಕ್ಟರು ಹಿತ್ತಲ ಬಾಗಿಲಲ್ಲಿ ನಿಂತು ಕೇಳಿದರು, ಭಾನುವಾರ ಭಾನುವಾರ ಬಾಗಿಲು ಹಾಕ್ಕೊಂಡು ಒಳಗೇನಮ್ಮ ಮಾಡ್ತೀರಿ, ನೊಣ ಬರುತ್ತೆ ಸ್ವಾಮಿ ಅದಕ್ಕೆ ಬಾಗಿಲು, ಗುಂಡು ಮಾಡ್ತೀವಿ, ಅಂದೆನಲ್ಲ, ಅಷ್ಟಕ್ಕೇ ಬಾಯಿ ಮುಚ್ಚಿದೆನೇ, ಜಂಬ, ಹಾಳು ಜಂಬ, ಒಂದ್ಸಲಕ್ಕೆ ಇಪ್ಪತ್ತು ಮಾಡ್ತೀವಿ, ಒಳಗೆ ತುಂಬೋದೆಲ್ಲ ನಾನೇ, ಈ ಸೀಮೇಲಿ ಇನ್ಯಾರಿಗೂ ಬರಲ್ಲ, ಅವರು ಬರೆದುಕೊಂಡರು, ನಾನು ಹೆಬ್ಬೆಟ್ಟು ಒತ್ತಿದೆ, ಮಜ್ಜಿಗೆ ಬೇರೆ ಕೊಟ್ಟೆ. ಇವತ್ತು ಕಾರಿನಲ್ಲಿ ಬಂದು ಅದನ್ನೇ ಓದಿದರು, ಸದರಿ ಜರ್ಮನ್ ಹೆಂಗಸು ಪ್ರತಿ ಭಾನುವಾರ ಕದ ಮುಚ್ಚಿ ಗುಂಡುಗಳನ್ನು ತಯಾರಿಸುತ್ತಿದ್ದಳೆಂದು, ಬಂದೂಕಿನದು ಅಂದುಕೊಂಡಿದ್ದಾರೆ, ಪಾತ್ರೆಯ ಮುಚ್ಚಳ ತೆಗೆದೆ, ಇದು ಸ್ವಾಮಿ, ಇದೇ ಗುಂಡು, ತಿನ್ನೋದು, ಅವರು ಬಗ್ಗಿ ನೋಡಿದರು, ಮುಖ ಕಪ್ಪಿಟ್ಟಿತು, ನನಗೂ ಈಗ ಗೊತ್ತಾಯ್ತಮ್ಮ, ಆದ್ರೆ ಕಾಗದ ಮೊನ್ನೆನೇ ಬೆಂಗಳೂರಿಗೆ ಹೋಯ್ತು, ಹಿಡಿದು ತರೋಕೆ ಹುಕುಂ ಬಂದುಬಿಟ್ಟಿದೆ. ಚಿಕ್ಕಗಂಗಮ್ಮ, ನೀನು ಹೇಳಿದೆಯಾ, ಎಂದರು ದೊರೆಸಾನಿಯಮ್ಮ, ಹೂಂ ಅಮ್ಮ ಅಂದೆ, ಮತ್ತೇನನ್ನಲಿ, ಹೇಳಿದ್ದೆನಲ್ಲ. ಬೈಯಲಿಲ್ಲ, ಬೈದಿದ್ದರೆ ಎಷ್ಟೋ ವಾಸಿಯಿತ್ತು, ಕೈಯ ಹಿಟ್ಟನ್ನು ನನ್ನ ಸೆರಗಿಗೆ ಒರೆಸಿ, ತೇಲುವ ತನಕ ತೆಗೆಯಬೇಡ ಎಂದು ಹೇಳಿ ಅವರ ಕಾರು ಹತ್ತಿದರು.

ಸದ್ದು ಈಗ ಇಲ್ಲ, ತೇಲುತ್ತಿವೆ, ಯಾರಿಗೆ ಬಡಿಸಲಿ, ನುಣ್ಣಗಿನವೆಲ್ಲ ಮೇಲೆ ಬಂದಾಯಿತು, ತಳದಿಂದ ಇನ್ನೊಂದು ಏಳುತ್ತಿದೆ, ಹೊರಳಿ ಮೇಲಕ್ಕೆ ಬಂತು, ಅದರ ಮೈಮೇಲೆ ನನ್ನ ಹೆಬ್ಬೆಟ್ಟು, ನನ್ನ ಹೆಬ್ಬೆಟ್ಟು —