ಚಿತ್ತಯ್ಯನ ದುಭಾಷಿ

ಚಿತ್ರದುರ್ಗಕ್ಕೂ ಪೋರ್ಚುಗಲ್ ದೇಶದ ಒಂದು ಕೋಟೆಯೂರಿಗೂ ಸೋದರ ನಗರಗಳೆಂದು ಒಪ್ಪಂದವಾದ ವರ್ಷ, ಎರಡೂ ಕಡೆಯ ಸಂಗೀತಗಾರರು ಒಬ್ಬರ ಊರಲ್ಲಿ ಒಬ್ಬರು ಎರಡೆರಡು ತಿಂಗಳು ಇದ್ದು, ಕೊನೆಗೆ ಒಂದೇ ವೇದಿಕೆಯಲ್ಲಿ ನುಡಿಸಬೇಕೆಂದು ತೀರ್ಮಾನವಾಯಿತು. ಅಲ್ಲಿಂದ ಮೊದಲು ಬಂದವಳು ಈನೆಸ್. ನಲವತ್ತರ ಆಸುಪಾಸಿನ ಹೆಂಗಸು. ಪಿಟೀಲಿನ ಜಾತಿಯದೇ ಆದರೂ ಎದೆಮಟ್ಟ ಬರುವಷ್ಟು ದೊಡ್ಡದಾದ ಸೆಲ್ಲೊ ಎಂಬ ವಾದ್ಯ ನುಡಿಸುತ್ತಿದ್ದಳು. ಇಲ್ಲಿ ಅವಳಿಗೆ ಜೊತೆಯಾಗಿ ಗೊತ್ತುಮಾಡಿದ್ದು ಹಿರಿಯೂರು ತಾಲ್ಲೂಕಿನ ಯಲ್ಲದಕೆರೆ ಹತ್ತಿರದ ಗೊಲ್ಲರಹಟ್ಟಿಯ ಚಿತ್ತಯ್ಯನನ್ನು. ಕುರಿ ಕಾಯುತ್ತಲೇ ಅರವತ್ತೆಂಟು ವರ್ಷ ಕಳೆದಿದ್ದ ಚಿತ್ತಯ್ಯ, ಗಣೆ ಎಂಬ ಉದ್ದನೆಯ ಬಿದಿರಿನ ಕೊಳಲನ್ನು ದೇವರ ಮುಂದೆ ಊದುತ್ತ ಬಂದವನು.

ಇವರಿಬ್ಬರ ನಡುವೆ ಮಾತು ದಾಟಿಸುವ ಕೆಲಸ ದೀಪಾಳದು. ಶ್ರೀರಾಂಪುರದವಳು, ಇಂಗ್ಲಿಷ್ ಎಂ.ಎ. ಮಾಡಿ ಆರು ವರ್ಷದಿಂದ ಹೊಸದುರ್ಗದಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಳು. ಸೋದರ ನಗರ ಸಮಿತಿಯ ಕಾರ್ಯದರ್ಶಿ ಶಿವಕುಮಾರಪ್ಪ ಹೊಳಲ್ಕೆರೆಯ ಎಣ್ಣೆ ವ್ಯಾಪಾರಿ. ಅಲ್ಲಿನ ಒಂದು ಖಾಸಗಿ ಕಾಲೇಜಿನ ಆಡಳಿತ ಮಂಡಳಿಯಲ್ಲೂ ಇದ್ದರು.

"ಈ ಎಲ್ಡು ತಿಂಗ್ಳು ಚೆನ್ನಾಗಿ ನಿಭಾಯ್ಸಮ್ಮ. ಜೂನಿಗೆ ನಮ್ ಕಾಲೇಜಲ್ಲಿ ನಿಂಗೆ ಕಾಯಂ ಕೆಲ್ಸ. ಅದು ನಂಗೆ ಬಿಡು" ಎಂದು ಅವರು ಮೊದಲ ದಿನವೇ ಹೇಳಿದ್ದರು.

ಈನೆಸ್ ಹಿರಿಯೂರಿನ ಪ್ರವಾಸಿ ಮಂದಿರದಲ್ಲಿ ಉಳಿದಳು. ದಿನಾ ಬೆಳಿಗ್ಗೆ ದೀಪಾ ಅವಳನ್ನು ಕಾರಿನಲ್ಲಿ ಹಟ್ಟಿಗೆ ಕರೆದೊಯ್ಯುತ್ತಿದ್ದಳು. ಹಟ್ಟಿಯ ಅಂಚಿನಲ್ಲೇ ಇಬ್ಬರೂ ಚಪ್ಪಲಿ ಬಿಡಬೇಕು. ಗಣೆಯನ್ನು ಹೆಂಗಸರು ಮುಟ್ಟುವಂತಿಲ್ಲ ಎಂದು ಚಿತ್ತಯ್ಯ ಮೊದಲೇ ಹೇಳಿದ್ದ. ಈನೆಸ್ ಅದಕ್ಕೆ ಬೇಸರ ಮಾಡಿಕೊಳ್ಳಲಿಲ್ಲ. ಬೇವಿನ ಕಟ್ಟೆಯ ಈ ತುದಿಯಲ್ಲಿ ಅವಳು, ಆ ತುದಿಯಲ್ಲಿ ಅವನು. ಅವನು ಊದಿ ನಿಲ್ಲಿಸಿದ ಕಡೆಯಿಂದ ಅವಳು ಎತ್ತಿಕೊಳ್ಳುವಳು. ಕೆಲವೊಮ್ಮೆ ಅರ್ಧ ದಿನ ಒಂದು ಮಾತೂ ಬೇಕಾಗುತ್ತಿರಲಿಲ್ಲ. ಚಿತ್ತಯ್ಯನ ಹೆಂಡತಿ ಹುಚ್ಚಕ್ಕ ಸೆಲ್ಲೊ ಕೇಳಿ, "ಮರಿ ಕಳ್ಕಂಡ್ ಕುರಿ ಕೂಗ್ದಂಗೈತೆ" ಎಂದಿದ್ದಳು. ದೀಪಾ ಅದನ್ನು ಇಂಗ್ಲಿಷಿಗೆ ತಂದಾಗ ಈನೆಸ್ ಆ ಮಾತನ್ನು ಪುಸ್ತಕದಲ್ಲಿ ಬರೆದುಕೊಂಡಳು.

ಕಾರ್ಯಕ್ರಮಕ್ಕೆ ನಾಲ್ಕು ದಿನವಿರುವಾಗ ಚಿತ್ತಯ್ಯ ದೀಪಾಳನ್ನು ಪಕ್ಕಕ್ಕೆ ಕರೆದ. ಉಸಿರು ಕಟ್ಟಿ ಊದುವಾಗ ಎಡ ಎದೆ ಹಿಂಡುತ್ತದೆ, ನೋವು ತೋಳಿಗೂ ಇಳಿಯುತ್ತದೆ ಎಂದ. ದೀಪಾ ಗಾಬರಿಯಾಗಿ ಶಿವಕುಮಾರಪ್ಪನವರಿಗೆ ಫೋನ್ ಮಾಡಿದಳು.

"ಆಯಮ್ಮನ ಕಿವಿಗೆ ಹಾಕ್ಬೇಡ" ಎಂದರು ಅವರು. "ಗೊತ್ತಾದ್ರೆ ಕಾರ್ಯಕ್ರಮಾನೇ ಬ್ಯಾಡ ಅಂತಾಳೆ. ಅವ್ರ ಮೇಯರ್ರು ಆಗ್ಲೇ ಊರು ಬಿಟ್ಟಾರೆ. ಇಪ್ಪತ್ತು ನಿಮಿಷ ಊದಿದ್ರೆ ಏನಾಗಲ್ಲ. ಮಾರ್ನೇ ದಿನ ನಾನೇ ಡಾಕ್ಟ್ರ ಹತ್ರ ಕರ್ಕಂಡೋಗ್ತೀನಿ."

ಮರುದಿನ ಅಭ್ಯಾಸದ ನಡುವೆ ಚಿತ್ತಯ್ಯ ಗಣೆ ಕೆಳಗಿಟ್ಟ. ಹಣೆಯಲ್ಲಿ ಬೆವರಿತ್ತು. ಹುಚ್ಚಕ್ಕ ನೀರು ತಂದಳು. ಅವನು ಈ ಬಾರಿ ಈನೆಸ್ಸಳನ್ನೇ ನೋಡುತ್ತ ಮಾತಾಡಿದ.

"ಎದೆ ಭಾಳ ನೋಯ್ತೈತವ್ವ. ಈ ಸಲ ನನ್ ಕೈಲಿ ಆಗಲ್ಲ ಅನ್ಸುತ್ತೆ. ನೀನೊಬ್ಳೇ ಬಾರಿಸ್ಬಿಡು. ಹೇಳು ದೀಪವ್ವ, ಆಯಮ್ಮಂಗೆ ತಿಳಿಯಂಗೆ ಹೇಳು."

ಈನೆಸ್ ದೀಪಾಳ ಕಡೆ ತಿರುಗಿ, ಏನೆಂದರು ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ದೀಪಾ ಇಂಗ್ಲಿಷಿನಲ್ಲೇ, "ಅಷ್ಟು ಜನರ ಮುಂದೆ ಊದಲು ಅವರಿಗೆ ಹಿಂಜರಿಕೆಯಂತೆ. ನೀವೊಬ್ಬರೇ ನುಡಿಸಿ ಅನ್ನುತ್ತಿದ್ದಾರೆ" ಎಂದಳು.

ಈನೆಸ್ ನಕ್ಕಳು. ಕಟ್ಟೆಯ ಆ ತುದಿಗೆ ಹೋಗಿ ಚಿತ್ತಯ್ಯನ ಎರಡೂ ಕೈ ಹಿಡಿದುಕೊಂಡು, "ನೀವಿಲ್ಲದೆ ನಾನು ನುಡಿಸುವುದಿಲ್ಲ. ನಾನು ಪಕ್ಕದಲ್ಲೇ ಇರುತ್ತೇನೆ, ಹೆದರಬೇಡಿ" ಎಂದಳು.

ದೀಪಾ ಈ ಮಾತನ್ನು ಮಾತ್ರ ಒಂದಕ್ಷರ ಬಿಡದೆ ಕನ್ನಡದಲ್ಲಿ ಹೇಳಿದಳು.

ಚಿತ್ತಯ್ಯ ಈನೆಸ್ಸಳ ಮುಖವನ್ನು ಸ್ವಲ್ಪ ಹೊತ್ತು ನೋಡಿದ. "ನೋವೈತೆ ಅಂದ್ರೂ ಊದು ಅಂತಾಳಲ್ಲೇ" ಎಂದು ಹೆಂಡತಿಗೆ ಹೇಳಿದ. ಹುಚ್ಚಕ್ಕ, "ಬ್ಯಾಡ ಅಂದ್ಬಿಡು, ಅವ್ಳಿಗೇನ್ ಗೊತ್ತಾಗ್ತೈತೆ" ಎಂದಳು. "ಸಮುದ್ರ ದಾಟಿ ನಮ್ಮಟ್ಟಿಗೆ ಬಂದೋಳು. ಕೈ ಹಿಡ್ಕಂಡು ಕೇಳ್ತಾಳೆ. ಹೆಂಗೆ ಇಲ್ಲ ಅನ್ಲಿ?" ಎಂದು ಅವನು ಮತ್ತೆ ಗಣೆ ಎತ್ತಿಕೊಂಡ. ಗಂಡ ಹೆಂಡತಿ ಏನು ಮಾತಾಡಿಕೊಂಡರು ಎಂದು ಈನೆಸ್ ಕೇಳಿದಳು. ಒಪ್ಪಿದರು ಎಂದಷ್ಟೇ ದೀಪಾ ಹೇಳಿದಳು.

ಕಾರ್ಯಕ್ರಮ ನಡೆದದ್ದು ಸಂಜೆ, ಕೋಟೆಯ ಮುಂದಿನ ಬಯಲಿನಲ್ಲಿ. ಎರಡು ದೇಶದ ಬಾವುಟ, ಹಾರ, ಶಾಲು, ಭಾಷಣ. ಶಿವಕುಮಾರಪ್ಪ ಬೆಳ್ಳಗಿನ ಜುಬ್ಬ ತೊಟ್ಟು ಅತಿಥಿಗಳ ಸಾಲಿನಲ್ಲಿದ್ದರು. ಭಾಷಣಗಳು ಮುಗಿಯುವವರೆಗೆ ಚಿತ್ತಯ್ಯ ಒಂದೂವರೆ ಗಂಟೆ ವೇದಿಕೆಯ ಮೇಲೆ ಕುಳಿತಿರಬೇಕಾಯಿತು. ಆಮೇಲೆ ಊದಿದ. ಮೊದಲ ಹತ್ತು ನಿಮಿಷ ಊದಿದಷ್ಟು ಚೆನ್ನಾಗಿ ಅವನು ಎಂದೂ ಊದಿರಲಿಲ್ಲ ಎಂದು ಹಟ್ಟಿಯಿಂದ ಬಂದವರು ಹೇಳುತ್ತಾರೆ. ಒಂದು ಕಡೆ ಅವನು ನಿಲ್ಲಿಸಿದ, ಎಂದಿನಂತೆ ಈನೆಸ್ ಎತ್ತಿಕೊಂಡಳು. ಅವನ ಸರದಿ ಬಂದಾಗ ದನಿ ಬರಲಿಲ್ಲ. ಈನೆಸ್ ಅದೇ ಸಾಲನ್ನು ಇನ್ನೊಮ್ಮೆ ನುಡಿಸಿ ಕಾದಳು. ಚಿತ್ತಯ್ಯ ಗಣೆಯ ಮೇಲೆಯೇ ಮುಂದಕ್ಕೆ ವಾಲಿದ. ಜನ ಅದನ್ನು ನಮಸ್ಕಾರವೆಂದು ತಿಳಿದು ಚಪ್ಪಾಳೆ ತಟ್ಟಿದರು.

ಆಂಬುಲೆನ್ಸ್ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು.

ಮಣ್ಣು ಮಾಡಿದ ಮೂರನೆಯ ದಿನ ಈನೆಸ್ ಹಟ್ಟಿಗೆ ಹೋಗಲೇಬೇಕೆಂದಳು. ದೀಪಾಳಿಗೆ ಜೊತೆಗೆ ಹೋಗದೆ ವಿಧಿಯಿರಲಿಲ್ಲ. ಹುಚ್ಚಕ್ಕ ಗುಡಿಸಲಿನ ಗೋಡೆಗೆ ಒರಗಿ ಕುಳಿತಿದ್ದಳು. ಕುಳಿತುಕೊಳ್ಳಿ ಎನ್ನಲಿಲ್ಲ. ಈನೆಸ್ ತಾನೇ ನೆಲದ ಮೇಲೆ ಕುಳಿತಳು.

"ಕೇಳು ಆಯಮ್ಮನ್ನ" ಎಂದಳು ಹುಚ್ಚಕ್ಕ. "ಎದೆ ನೋಯ್ತೈತೆ ಅಂತ ನನ್ ಗಂಡ ಬಾಯ್ಬಿಟ್ಟು ಹೇಳ್ದ. ನಾನಲ್ಲೇ ಇದ್ದೆ. ಅಷ್ಟಾದ್ಮೇಲೂ ನಕ್ಕಂಡು ಕೈ ಹಿಡ್ಕಂಡು ಊದು ಅಂದ್ಲು. ಯಾಕಂದ್ಲು ಅಂತ ಕೇಳು."

ಈನೆಸ್, ಏನೆನ್ನುತ್ತಿದ್ದಾರೆ ಎಂದಳು. ದೀಪಾ ನೆಲ ನೋಡಿದಳು. ಇನ್ನೊಂದು ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು: ದುಃಖದಲ್ಲಿದ್ದಾರೆ, ನಿಮಗೆ ಒಳ್ಳೆಯದಾಗಲಿ ಅನ್ನುತ್ತಿದ್ದಾರೆ. ಹಾಗೆಂದರೆ ಈನೆಸ್ ಕೈಮುಗಿದು ಊರಿಗೆ ಹೋಗುತ್ತಿದ್ದಳು. ಆದರೆ ಹುಚ್ಚಕ್ಕ ಈನೆಸ್ಸಳ ಮುಖದಿಂದ ಕಣ್ಣು ಕೀಳದೆ ಉತ್ತರಕ್ಕೆ ಕಾಯುತ್ತಿದ್ದಳು.

"ಅವರು ಹೇಳಿದ್ದನ್ನು ಹೇಳಿದ ಹಾಗೇ ಹೇಳು" ಎಂದಳು ಈನೆಸ್.

ದೀಪಾ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದಳು. ಹುಚ್ಚಕ್ಕನ ಪ್ರಶ್ನೆ, ಅಂದು ಚಿತ್ತಯ್ಯ ಹೇಳಿದ ಮಾತು, ತಾನು ಅದರ ಬದಲು ಹೇಳಿದ್ದು. ಈನೆಸ್ ಕೂಗಾಡಲಿಲ್ಲ. ಎರಡೂ ಅಂಗೈಯನ್ನು ಮುಂದೆ ಚಾಚಿ ನೋಡಿಕೊಂಡಳು. ಚಿತ್ತಯ್ಯನ ಕೈ ಹಿಡಿದಿದ್ದ ಕೈ ಅವು. "ಈಗ ಅವರಿಗೆ ಹೇಳು" ಎಂದಳು.

"ಅಜ್ಜಿ, ಆಯಮ್ಮಂಗೆ ಗೊತ್ತಿರ್ಲಿಲ್ಲ. ನೋವಿನ ವಿಷ್ಯ ನಾನ್ ಹೇಳ್ಲೇ ಇಲ್ಲ. ಜನ್ರ ಮುಂದೆ ಊದಾಕೆ ಹಿಂದೇಟು ಹಾಕ್ತಾರೆ ಅಂದೆ."

ಹುಚ್ಚಕ್ಕನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅಳಲಿಲ್ಲ, ಶಪಿಸಲೂ ಇಲ್ಲ.

"ನಂಬಿದ್ನಲ್ಲೇ ನಿನ್ನ" ಎಂದಳು. "ನಮ್ ಕಡೆ ಹುಡ್ಗಿ, ನಮ್ ಮಾತು ಬರ್ತೈತೆ, ಚಿಂತೆ ಇಲ್ಲ ಅಂತಿದ್ದ. ಆಯಮ್ಮ ಕೈ ಹಿಡ್ಕಂಡ್ಲು ಅಂತ ಊದಿ ಸತ್ತ. ಆಯಮ್ಮಂದು ತಪ್ಪಿಲ್ಲ ಅನ್ನು. ಇಷ್ಟು ದಿನ ಅವ್ಳನ್ನ ಬೈಕಂಡೆ, ಅದೂ ಹೇಳು."

ದೀಪಾ ಅದನ್ನೂ ದಾಟಿಸಿದಳು. ಈನೆಸ್ ಹುಚ್ಚಕ್ಕನ ಪಾದ ಮುಟ್ಟಲು ಬಾಗಿದಳು. ಹುಚ್ಚಕ್ಕ ತಡೆಯಲಿಲ್ಲ. ದೀಪಾ ಬಾಗಿದಾಗ ಕಾಲು ಹಿಂದಕ್ಕೆ ಎಳೆದುಕೊಂಡಳು.

ಈನೆಸ್ ತನ್ನ ಊರಿಗೆ ಹೋದಮೇಲೆ, ನಡೆದದ್ದನ್ನೆಲ್ಲ ಬರೆದು ಎರಡೂ ಊರಿನ ಸಮಿತಿಗಳಿಗೆ ಪತ್ರ ಕಳಿಸಿದಳಂತೆ. ಅಲ್ಲಿನವರು ಮುಂದಿನ ವರ್ಷದ ಕಾರ್ಯಕ್ರಮವನ್ನು ಸದ್ದಿಲ್ಲದೆ ಕೈಬಿಟ್ಟರು. ಇಲ್ಲಿ ಶಿವಕುಮಾರಪ್ಪ ಸಂತಾಪ ಸಭೆ ಮಾಡಿ, ಕಲೆಗಾಗಿ ಪ್ರಾಣ ಕೊಟ್ಟವರು ಎಂದು ಭಾಷಣ ಮಾಡಿದರು. ದೀಪಾ ಪತ್ರದ ವಿಷಯ ಎತ್ತಿದಾಗ ಅವಳಿಗೆ, "ವಯಸ್ಸಾಗಿತ್ತು ಬಿಡಮ್ಮ. ನಿಂದೇನೈತೆ ತಪ್ಪು? ನಂದೇನೈತೆ?" ಎಂದರು.

ಜೂನಿನಲ್ಲಿ ಕೆಲಸದ ಆದೇಶ ಬಂತು. ದೀಪಾ ನಾಲ್ಕು ದಿನ ಆ ಲಕೋಟೆ ಒಡೆಯಲಿಲ್ಲ. ಐದನೆಯ ದಿನ ಹೊಳಲ್ಕೆರೆಗೆ ಹೋಗಿ ಸೇರಿಕೊಂಡಳು. ಬೇಡವೆನ್ನುವ ಧೈರ್ಯ ತನಗಿರಲಿಲ್ಲ ಎಂದು ಅವಳೇ ಆಮೇಲೆ ಒಬ್ಬ ಗೆಳತಿಗೆ ಹೇಳಿದ್ದಾಳೆ.

ಅದೇ ವರ್ಷ ದಸರೆ ರಜೆಯಲ್ಲಿ ಅವಳು ಚಿತ್ರದುರ್ಗದ ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ ಹುಚ್ಚಕ್ಕ ಕಂಡಳು. ಒಬ್ಬಳೇ ಇದ್ದಳು. ಬಸ್ಸುಗಳ ಹಣೆಬರಹ ಓದಲು ಬಾರದೆ ಒಂದೊಂದರ ಮುಂದೂ ನಿಂತು ಸುತ್ತ ನೋಡುತ್ತಿದ್ದಳು. ಹಿರಿಯೂರಿನ ಬಸ್ಸು ದೀಪಾಳ ಬೆನ್ನ ಹಿಂದೆಯೇ ಇತ್ತು. "ಅಜ್ಜಿ, ಇದೇ..." ಎಂದು ಅವಳು ಎರಡು ಹೆಜ್ಜೆ ಮುಂದಿಟ್ಟಳು. ಹುಚ್ಚಕ್ಕ ಅವಳನ್ನು ನೋಡಿದಳು, ಗುರುತೂ ಹಿಡಿದಳು. ಆಮೇಲೆ ತಿರುಗಿ, ಹೂ ಮಾರುತ್ತಿದ್ದವಳ ಹತ್ತಿರ ಹೋಗಿ, "ಹಿರಿಯೂರ್ ಬಸ್ಸು ಯಾವ್ದವ್ವ?" ಎಂದು ಕೇಳಿದಳು.