ಮೇಡಂ ನೋಡಿದ ಊಟ

ಶ್ರೀನಿವಾಸಪುರದ ಮಾವಿನ ವ್ಯಾಪಾರಿ ಕೋದಂಡರಾಮಪ್ಪನ ತಾಯಿ ವೆಂಕಟರತ್ನಮ್ಮ ಲಕ್ವ ಹೊಡೆದು, ಮಾತು ಬಿದ್ದುಹೋಗಿ ಹಾಸಿಗೆ ಹಿಡಿದಿದ್ದಳು. ಅವಳನ್ನು ನೋಡಿಕೊಳ್ಳಲು ಕೋಲಾರದ ಸೇವಾ ಸಂಘವೊಂದು ಶ್ರೀನಿವಾಸಪುರದವಳೇ ಆದ ಫರೀದಾಳನ್ನು ಗೊತ್ತು ಮಾಡಿತ್ತು. ಮೈ ಒರೆಸುವುದು, ಮಗ್ಗುಲು ಬದಲಿಸುವುದು ಅವಳ ಪಾಲು. ಊಟ ಮಾತ್ರ ಸೊಸೆ ಭಾರತಮ್ಮನದು. ಫರೀದಾಳ ಕೈ ತಾಗಿದ ಅನ್ನ ಆ ಮನೆಯಲ್ಲಿ ನಡೆಯುತ್ತಿರಲಿಲ್ಲ; ಹಣ್ಣು, ಹಾಲಿಗೆ ಅಡ್ಡಿಯಿರಲಿಲ್ಲ.

ಎಪ್ಪತ್ತೆಂಟರ ಬೇಸಿಗೆಯಲ್ಲಿ ಸಂಘದ ಮೇಲ್ವಿಚಾರಕಿ ಆದಿಲಕ್ಷ್ಮಿ ತಪಾಸಣೆಗೆ ಬಂದಳು. ಕೋಲಾರದ ಮೇಡಂ ಬಂದವ್ರಂತೆ ಎಂದು ಅಕ್ಕಪಕ್ಕದ ಹೆಂಗಸರು ಕಿಟಕಿಗೆ ಮುತ್ತಿದರು.

ಆದಿಲಕ್ಷ್ಮಿ ಮುದುಕಿಯ ಬೆನ್ನು ತಿರುಗಿಸಿ ನೋಡಿದಳು. ಒಂದು ಹುಣ್ಣಿಲ್ಲ. ಕೆನ್ನೆ ತುಂಬಿತ್ತು. ಎಷ್ಟೋ ಮನೆ ನೋಡಿ ಬೇಸತ್ತಿದ್ದವಳಿಗೆ ಮನಸ್ಸು ತಣ್ಣಗಾಯಿತು.

"ಎಲ್ಲಾ ನಾನೇ ತಿನ್ನಿಸ್ತೀನಿ ಮೇಡಂ," ಎಂದಳು ಭಾರತಮ್ಮ.

"ತಿನ್ನಿಸ್ತಾಳೆ, ತಿನ್ನಿಸ್ತಾಳೆ! ಅತ್ತೆ ಮುಂದೆ ಬಟ್ಲು ಇಟ್ಟು, ಹೊರಗೆ ಜಗಲಿ ಮೇಲೆ ನಮ್ಜೊತೆ ಹರಟೆಗೆ ಬಂದ್ಬಿಡ್ತಾಳೆ," ಎಂದು ಕಿಟಕಿಯಿಂದ ಒಂದು ದನಿ ಬಂತು. ಹೆಂಗಸರು ನಕ್ಕರು.

"ಸುಮ್ನಿರೇ, ನಿನ್ನ ಬಾಯಿಗೆ ಬೀಗ ಹಾಕ!" ಎಂದು ಭಾರತಮ್ಮ ಕಿಟಕಿಯ ಕಡೆಗೆ ಗದರಿದಳು.

ರೋಗಿ ಉಣ್ಣುವುದನ್ನು ಕಣ್ಣಾರೆ ನೋಡಬೇಕೆಂಬುದು ಸಂಘದ ನಿಯಮ. ಭಾರತಮ್ಮ ರಾಗಿ ಗಂಜಿ ತಂದು ಚಮಚ ಹಿಡಿದಳು. ಮುದುಕಿ ತುಟಿ ಬಿಚ್ಚಲಿಲ್ಲ. ಗಂಜಿ ಗದ್ದದಿಂದ ಇಳಿಯಿತು. ಮತ್ತೆ ಹಿಡಿದರೂ ಅಷ್ಟೇ.

"ಹೊಸಬ್ರು ಬಂದವ್ರಲ್ಲ, ನಾಚ್ಕೆ," ಎಂದಳು ಭಾರತಮ್ಮ.

ನುಂಗುವ ಶಕ್ತಿಯೇ ಹೋಯಿತೇನೋ ಎಂದು ಆದಿಲಕ್ಷ್ಮಿಗೆ ಅನುಮಾನವಾಯಿತು. "ಫರೀದಾ, ನೀನು ಸ್ವಲ್ಪ ಮಾವಿನ ರಸ ಕೊಡು, ನೋಡೋಣ. ಹಣ್ಣಿಗೇನೂ ಅಡ್ಡಿಯಿಲ್ವಲ್ಲ?"

"ಬೇಡ ಮೇಡಂ," ಎಂದಳು ಫರೀದಾ. ಮುಖ ಬಿಳಿಚಿತ್ತು.

"ಹಣ್ಣು ಕೊಡೋದು ನಿನ್ನ ಕೆಲಸವೇ ತಾನೆ?"

ಫರೀದಾ ರಸದ ಲೋಟ ಹಿಡಿದು ಮುದುಕಿಯ ತಲೆಯನ್ನು ತನ್ನ ತೋಳಿನ ಮೇಲೆ ತಂದುಕೊಂಡಳು. ಆ ತೋಳು ತಾಗಿದ್ದೇ ತಡ, ವೆಂಕಟರತ್ನಮ್ಮ ಹಕ್ಕಿಮರಿಯ ಹಾಗೆ ಬಾಯಿ ತೆರೆದಳು. ಆಡುತ್ತಿದ್ದ ಒಂದೇ ಕೈಯಿಂದ ಲೋಟ ಸರಿಸಿ, ಗಂಜಿಯ ಬಟ್ಟಲನ್ನು ಫರೀದಾಳ ಕಡೆಗೆ ನೂಕಿದಳು. ಮತ್ತೆ ಬಾಯಿ ತೆರೆದು ಕಾದಳು.

ಕಿಟಕಿಯ ಹೆಂಗಸರು ಕತ್ತು ಚಾಚಿದರು.

"ಯಾವಾಗಿಂದ ಇದು?" ಬಾಗಿಲಲ್ಲಿ ನಿಂತಿದ್ದ ಕೋದಂಡರಾಮಪ್ಪ ಕೇಳಿದ.

"ಹಸಿವಿಗೆ ಅಳ್ತಿದ್ರು ಅಣ್ಣಾ," ಎಂದಳು ಫರೀದಾ, ತಲೆ ತಗ್ಗಿಸಿ.

ಆದಿಲಕ್ಷ್ಮಿ ಎದ್ದು ನಿಂತಳು. "ಇವಳಷ್ಟು ಚೆನ್ನಾಗಿ ನೋಡಿಕೊಳ್ಳೋರು ನಮ್ಮಲ್ಲಿ ಇನ್ನೊಬ್ಬರಿಲ್ಲ. ದಯವಿಟ್ಟು ಬಿಡಬೇಡಿ."

ಕೋದಂಡರಾಮಪ್ಪ ಕೋಪ ಮಾಡಲಿಲ್ಲ. "ನನ್ಗೆ ಕಾಣ್ದೆ ನಡೆದಿದ್ರೆ ನಡ್ಕೊಂಡು ಹೋಗ್ತಿತ್ತು ಮೇಡಂ. ಈಗ ನಾನೂ ನೋಡ್ಬಿಟ್ಟೆ, ಊರೂ ನೋಡ್ಬಿಡ್ತು. ನಾಳೆ ನಮ್ಮನೇಲಿ ಯಾರು ನೀರು ಮುಟ್ತಾರೆ? ಕರ್ಕೊಂಡು ಹೋಗಿ."

ಫರೀದಾ ಮುದುಕಿಯ ತಲೆಯನ್ನು ದಿಂಬಿಗೆ ಇಳಿಸಿದಳು. "ಎಡದವಡೆಗೆ ಕೊಡಿ ಅಕ್ಕಾ, ಬಲಗಡೆ ನಿಲ್ಲಲ್ಲ," ಎಂದು ಭಾರತಮ್ಮನಿಗೆ ಹೇಳಿ ಹೊರಟಳು. ತೆರೆದ ಬಾಯಿ ತೆರೆದೇ ಇತ್ತು.

ಸಂಘ ಬೇರೆ ಹೆಂಗಸನ್ನು ಕಳಿಸಿತು, ಆ ಮನೆಯವರು ಒಪ್ಪುವಂಥವಳನ್ನೇ. ಮುಂದಿನ ತಿಂಗಳು ಆದಿಲಕ್ಷ್ಮಿ ಬಂದಾಗ ಕಿಟಕಿಯಲ್ಲಿ ಯಾರೂ ಇರಲಿಲ್ಲ. ಹಾಸಿಗೆ ಶುಭ್ರವಾಗಿತ್ತು, ಮುದುಕಿಯ ಕೆನ್ನೆ ಒಳಗೆ ಹೋಗಿತ್ತು.

"ಹಾಲು ಬಿಟ್ಟು ಏನೂ ತಗೊಳ್ಳಲ್ಲ ಮೇಡಂ," ಎಂದು ಭಾರತಮ್ಮ ಸೆರಗಿನಲ್ಲಿ ಕಣ್ಣೊರೆಸಿದಳು. "ಈಗ ಹರಟೆಗೂ ಹೋಗಲ್ಲ, ಇಲ್ಲೇ ಕೂತಿರ್ತೀನಿ. ಅವಳನ್ನೇ ಕರೆಸಿ ಅಂದ್ರೆ ಇವ್ರು ಒಪ್ಪಲ್ಲ."

ಆದಿಲಕ್ಷ್ಮಿ ತಾನೇ ಬಟ್ಟಲು ತೆಗೆದುಕೊಂಡಳು. ಮುದುಕಿಯ ತಲೆಯನ್ನು ತೋಳಿನ ಮೇಲೆ ತಂದುಕೊಂಡು ಎಡದವಡೆಗೆ ಚಮಚ ಹಿಡಿದಳು. ವೆಂಕಟರತ್ನಮ್ಮ ಆ ಕೈಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಳು.