ಜಂಬಮ್ಮ ನಂಬಿದ ಸಿನಿಮಾ

ಲಿಂಗಸುಗೂರಿನ ಬಟ್ಟೆ ವ್ಯಾಪಾರಿ ಕರಿಬಸಪ್ಪನ ಮಗಳು ಜಂಬಮ್ಮ ಮೈನೆರೆದು ಎರಡು ತಿಂಗಳಾಗಿತ್ತು. ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಾಗಿದ್ದರೆ ಅಂದೇ ಮುಕ್ಕುಂದಕ್ಕೆ ಸಕ್ಕರೆ ಹೋಗುತ್ತಿತ್ತು. ಎಂಟು ವರ್ಷದವಳಿದ್ದಾಗಲೇ ಅವಳನ್ನು ಆ ಊರಿಗೆ ಮದುವೆ ಮಾಡಿಕೊಟ್ಟಿದ್ದರಲ್ಲ! ಹುಡುಗಿ ದೊಡ್ಡವಳಾದಳೆಂದು ಸಕ್ಕರೆ ಮುಟ್ಟಿತೋ, ಗಂಡನ ಮನೆಯವರು ಗಾಡಿ ಕಟ್ಟಿಕೊಂಡು ಬಂದರೆಂದೇ ಲೆಕ್ಕ. ಆಮೇಲೆ ಓದು ಎಲ್ಲಿಯದು, ಮಣ್ಣು!

ಅವಳಿಗೆ ಬೇಕಾಗಿದ್ದದ್ದು ಇನ್ನು ನಲವತ್ತು ದಿನ. ಊರಿನ ಸರ್ಕಾರಿ ಉರ್ದು ಶಾಲೆಯಲ್ಲಿ ಓದುತ್ತಿದ್ದ ಅವಳು ಏಳನೇ ಜಮಾತಿನ ಇಮ್ತಿಹಾನ್, ಅಂದರೆ ಪರೀಕ್ಷೆ, ಪಾಸಾದರೆ ಅದೇ ಶಾಲೆಯಲ್ಲಿ ಚಿಕ್ಕ ಹುಡುಗಿಯರಿಗೆ ಕಲಿಸುವ ಕೆಲಸ. ಸರ್ಕಾರಿ ಹುಕುಂ ಕೈಗೆ ಬಂದವಳನ್ನು ಯಾರೂ ಅಷ್ಟು ಸುಲಭಕ್ಕೆ ಎಳೆದೊಯ್ಯಲಾರರು ಎಂದು ಅವಳಿಗೆ ಪಾಠ ಹೇಳುವ ಉಸ್ತಾನಿ ರಹೀಮಾಬೀಗೆ ಧೈರ್ಯವಿತ್ತು. "ಅಲ್ಲೀತನಕ ಬಾಯಿ ಬಿಡಬ್ಯಾಡ ಬೇಟಿ. ನಿಮ್ಮವ್ವನ ಮುಂದನೂ ಬ್ಯಾಡ" ಎಂದಿದ್ದರು. ಜಂಬಮ್ಮ ತನ್ನ ಮುಟ್ಟಿನ ಬಟ್ಟೆಗಳನ್ನು ಶಾಲೆಯ ಹಿಂದಿನ ಬಾವಿಯಲ್ಲೇ ಒಗೆದು, ಅಲ್ಲೇ ಒಣಗಿಸಿಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಊರಿಗೆ ಸಿನಿಮಾ ಬಂತು. ಹತ್ತಿ ಗೋದಾಮಿನ ಕಿಟಕಿಗಳಿಗೆ ಗೋಣಿತಟ್ಟು ಬಡಿದು, ನಡುಮಧ್ಯಾಹ್ನವೇ ಕತ್ತಲು ಮಾಡಿ, ಹೆಂಗಸರಿಗೆಂದೇ ಒಂದು ಜನಾನಾ ಆಟ ಇಟ್ಟರು. ರಹೀಮಾಬೀ ತರಗತಿಯಲ್ಲಿ ಓದಿ ಹೇಳಿದ್ದ ಹಳೆಯ ಉರ್ದು ಕಾದಂಬರಿಯೇ ಸಿನಿಮಾ ಆಗಿತ್ತು. ಓದಿನ ಹುಚ್ಚಿನ ಹುಡುಗಿಯೊಬ್ಬಳು ಗಂಡನ ಮನೆ ಸೇರಿ ಸೊರಗಿ ಸಾಯುವ ಕಥೆ. ಆ ಕೊನೆ ಕೇಳಿದ ದಿನ ಜಂಬಮ್ಮ ರೊಟ್ಟಿ ಮುಟ್ಟಿರಲಿಲ್ಲ.

ತಾಯಿ ಬಸ್ಸಮ್ಮನಿಗೆ ಉರ್ದು ಅಷ್ಟಕ್ಕಷ್ಟೆ. ಪರದೆಯ ಮೇಲಿನ ಮಾತನ್ನೆಲ್ಲ ಜಂಬಮ್ಮನೇ ಅವಳ ಕಿವಿಯಲ್ಲಿ ಕನ್ನಡ ಮಾಡಿ ಹೇಳುತ್ತ ಹೋದಳು. ಸಿನಿಮಾದ ಹುಡುಗಿ ಗಂಡನ ಮನೆಗೆ ಕಳಿಸಬೇಡವೆಂದು ತನ್ನ ತಾಯಿಯ ಕಾಲು ಹಿಡಿದಳು. ಈಗ ಆ ತಾಯಿ ಕಾಲು ಕೊಡವಿಕೊಂಡು ಹೋಗಬೇಕು, ಪುಸ್ತಕದಲ್ಲಿ ಹಾಗೇ ಇತ್ತು. ಆದರೆ ಸಿನಿಮಾದವರು, ಟಿಕೀಟು ಕೊಂಡವರು ಅಳುತ್ತ ಮನೆಗೆ ಹೋಗಬಾರದೆಂದೋ ಏನೋ, ಕಥೆಯನ್ನೇ ತಿರುಗಿಸಿಬಿಟ್ಟಿದ್ದರು. ತಾಯಿ ಮಗಳನ್ನು ಎತ್ತಿ ತಬ್ಬಿಕೊಂಡಳು.

"ಏನಂದ್ಳು ಆಕಿ?" ಬಸ್ಸಮ್ಮ ಕೇಳಿದಳು.

"ನೀ ಓದು ಮಗಳ, ನಿಮ್ಮಪ್ಪಗ ನಾ ಹೇಳ್ತೀನಿ, ಅಂದ್ಳು."

ಬಸ್ಸಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಮಗಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಯ್ಯೋ, ನಮ್ಮವ್ವನೂ ಇಂಥವಳೇ, ಇಷ್ಟು ದಿನ ಸುಮ್ಮನೆ ಹೆದರಿದೆ ಎಂದು ಜಂಬಮ್ಮನಿಗೆ ಅನ್ನಿಸಿತು. ಹುಚ್ಚು ಹುಡುಗಿ.

"ಅವ್ವಾ, ನಾ ದೊಡ್ಡಾಕಿ ಆಗೀನಿ. ಎರಡು ತಿಂಗಳಾತು. ಇಮ್ತಿಹಾನ್ ಮುಗಿಯೂತನಕ ಅಪ್ಪಗ ಹೇಳಬ್ಯಾಡ."

ಬಸ್ಸಮ್ಮನ ಅಳು ನಿಂತಿತು. "ಎರಡು ತಿಂಗಳಾ?" ಎಂದಳು. ಆಟ ಮುಗಿಯುವ ಮೊದಲೇ ಮಗಳನ್ನು ಎಬ್ಬಿಸಿಕೊಂಡು ಹೊರಟಳು. ಬಯ್ಯಲಿಲ್ಲ, ಹೊಡೆಯಲಿಲ್ಲ. ಮನೆ ಮುಟ್ಟಿದವಳೇ ಮೂಲೆಯಲ್ಲಿ ಚಾಪೆ ಹಾಸಿ ಜಂಬಮ್ಮನನ್ನು ಕೂರಿಸಿದಳು. ಸಂಜೆಗೆ ಮುಕ್ಕುಂದಕ್ಕೆ ಸಕ್ಕರೆ ಹೋಯಿತು.

ರಹೀಮಾಬೀ ಎರಡು ಸಲ ಮನೆಗೆ ಬಂದು, ಬಾಗಿಲಲ್ಲೇ ಮಾತಾಡಿ, ಎಲೆಅಡಿಕೆ ಹಾಕಿಕೊಂಡು ವಾಪಸು ಹೋದರು. ಒಂಬತ್ತನೆಯ ದಿನ ಬೆಳಿಗ್ಗೆ ಗಾಡಿ ಬಂತು. ಬಸ್ಸಮ್ಮ ಮಗಳನ್ನು ಮುಂದೆ ಕೂರಿಸಿಕೊಂಡು ತಲೆ ಬಾಚತೊಡಗಿದಳು.

"ಆ ಹುಡುಗಿ ಸಲುವಾಗಿ ಅಷ್ಟು ಅತ್ತಿ. ನನ್ನ ಸಲುವಾಗಿ ಒಂದು ಮಾತು ಆಡಾಕ ಆಗಲಿಲ್ಲೇನವ್ವಾ?" ಜಂಬಮ್ಮ ಕೇಳಿದಳು.

ಬಸ್ಸಮ್ಮ ಸಿಕ್ಕು ಬಿಡಿಸುತ್ತಲೇ ಹೇಳಿದಳು.

"ಆಕಿ ಸಲುವಾಗಿ ನಾ ಯಾಕ ಅಳಲಿ? ಹನ್ನೆರಡು ವರ್ಷಕ್ಕ ಈ ಮನಿಗೆ ಬಂದಾಕಿ ನಾನು. ಕಳಿಸಬ್ಯಾಡ ಅಂತ ನಮ್ಮವ್ವನ ಕಾಲು ಹಿಡದಿದ್ದೆ. ಅದು ನೆನಪಾತು."

ಜಂಬಮ್ಮ ಹಿಂದೆ ತಿರುಗಿ ತಾಯಿಯ ಮುಖ ನೋಡಲು ಹೋದಳು. ಬಸ್ಸಮ್ಮ ಅವಳ ತಲೆಯನ್ನು ಎರಡೂ ಕೈಯಿಂದ ಹಿಡಿದು ಮುಂದಕ್ಕೆ ತಿರುಗಿಸಿದಳು.

"ಸೀದಾ ಕುಂದ್ರು. ಬೈತಲಿ ಸೊಟ್ಟ ಆಗತೈತಿ" ಎಂದಳು.